ಹೆಂಗಸರು ನಕ್ಕರು

ನಖುಂಬದ ಕಾನೂನು ವಿದ್ಯಾಲಯಕ್ಕೆ ಐವತ್ತು ತುಂಬುವ ಹೊತ್ತಿಗೆ ಮೊದಲ ತಂಡದ ಹದಿನಾಲ್ಕು ವಿದ್ಯಾರ್ಥಿಗಳಲ್ಲಿ ಉಳಿದಿದ್ದವರು ಮೂವರು. ಒಬ್ಬರಿಗೆ ಕಣ್ಣು ಹೋಗಿತ್ತು. ಇನ್ನೊಬ್ಬರು ಮಗಳ ಮನೆ ಸೇರಿ ಲಂಡನ್ನಿನಲ್ಲಿದ್ದರು. ಹೀಗಾಗಿ ವಿದ್ಯಾಲಯದ ಇತಿಹಾಸ ಬರೆಯುವ ಕೆಲಸ ಮೂರನೆಯವರಾದ ಪ್ರೊಫೆಸರ್ ಯೋತಾಮ್ ಸಿಂಗಿನಿಯವರ ಕೊರಳಿಗೆ ಬಿತ್ತು. ನಿಜ ಹೇಳಬೇಕೆಂದರೆ ಬೀಳಲಿಲ್ಲ, ಅವರೇ ಕೊರಳು ಚಾಚಿದ್ದರು. ನಿವೃತ್ತಿಯಾಗಿ ಆರು ವರ್ಷವಾದರೂ ಅವರಿಗೆ ವಿದ್ಯಾಲಯದ ಗೇಟು ದಾಟದೆ ಮಧ್ಯಾಹ್ನದ ನ್ಸಿಮಾ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಎಂಟು ಪುಟ ಸಾಕು ಸರ್," ಎಂದಿದ್ದ ಈಗಿನ ಡೀನ್ ಲಿಕೋಂಗ್ವೆ. ಅವನೂ ಅವರ ಶಿಷ್ಯನೇ. "ಶುರು ಹೇಗಾಯ್ತು, ಗುರಿ ಏನಿತ್ತು, ನಿಮ್ಮ ಪುಸ್ತಕ ಹೇಗೆ ಬಂತು. ಓದಿದವರಿಗೆ ಕಣ್ಣೀರು ಬರಬೇಕು, ಆದ್ರೆ ಎಂಟೇ ಪುಟ."

ಏಳು ಪುಟ ಸರಾಗವಾಗಿ ಬಂದವು. ಬಿಳಿಯರು ಬಿಟ್ಟುಹೋದ ತಂಬಾಕಿನ ಗೋದಾಮಿನಲ್ಲಿ ಶುರುವಾದ ವಿದ್ಯಾಲಯ ಅದು. ಮೊದಲ ವರ್ಷ ಪಾಠ ಕೇಳಿದ್ದಕ್ಕಿಂತ ಸೀನಿದ್ದೇ ಹೆಚ್ಚು. ಗ್ರಂಥಾಲಯವೆಂದರೆ ಒಂದು ಬೀರು. ಆ ಬೀರುವಿನ ತುಂಬ ಇಂಗ್ಲೆಂಡಿನ ಕುದುರೆಗಾಡಿ ಅಪಘಾತಗಳ ತೀರ್ಪುಗಳು. ಮೊದಲ ಡೀನ್ ಡಾಕ್ಟರ್ ಕಲಿಂದೆ ಒಂದು ದಿನ ಆ ಬೀರುವಿಗೆ ಬೆನ್ನು ಹಾಕಿ ನಿಂತು, "ಇಲ್ಲಿ ಯಾರಾದ್ರೂ ಕುದುರೆಗಾಡಿ ಹತ್ತಿದೀರೇನ್ರಯ್ಯ?" ಎಂದು ಕೇಳಿದ್ದರು. ಯಾರೂ ಹತ್ತಿರಲಿಲ್ಲ. "ಹಾಗಾದ್ರೆ ನಿಮ್ಮಜ್ಜಿ ಜಗಳ ಹೇಗೆ ಬಗೆಹರೀತಿತ್ತೋ ಅದನ್ನ ಮೊದಲು ಕಲೀರಿ. ಈ ಗಾಡಿ ಎಲ್ಲೂ ಓಡಿಹೋಗಲ್ಲ." ಅವತ್ತೇ ಗೋದಾಮಿನ ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಸಾಲು ಬರೆಸಿದರು: ನಮ್ಮ ಜನರ ಬಾಯಿಂದ ನಮ್ಮ ಕಾನೂನು.

ಗೋಡೆ ಬರಹಕ್ಕೆ ನಿಲ್ಲುವ ಆಸಾಮಿಯಲ್ಲ ಅವರು. ರಜೆ ಬಂತೆಂದರೆ ಒಬ್ಬೊಬ್ಬನಿಗೂ ಒಂದು ಸೈಕಲ್ಲು, ಎರಡು ನೋಟುಪುಸ್ತಕ, ಒಂದು ಸೀಸೆ ಮಲೇರಿಯಾ ಮಾತ್ರೆ ಕೊಟ್ಟು ಹಳ್ಳಿಗಳಿಗೆ ಅಟ್ಟುತ್ತಿದ್ದರು. ನೆಲ ಯಾರದು, ಮಕ್ಕಳು ಯಾರವು, ಸತ್ತವನ ಸೊತ್ತು ಯಾರಿಗೆ ಎಂದು ಊರ ಹಿರಿಯರನ್ನು ಕೇಳಿ ಬರೆದುಕೊಂಡು ಬರಬೇಕು. ತಂದ ಪ್ರತಿ ಪುಟವನ್ನೂ ಕಲಿಂದೆ ಕೆಂಪು ಶಾಯಿ ಹಿಡಿದು ಓದುವರು. ಐದು ವರ್ಷದ ಆ ಅಲೆದಾಟವನ್ನೆಲ್ಲ ಸಿಂಗಿನಿ ಒಂದುಗೂಡಿಸಿ, ಸೀಮೆ ಸೀಮೆಯ ರೂಢಿಯನ್ನು ಕಲಮು ಕಲಮಾಗಿ ಪುಸ್ತಕ ಮಾಡಿದರು. ಕಂದು ರಟ್ಟಿನ ಆ ಪುಸ್ತಕ ದೇಶದ ಪ್ರತಿ ನ್ಯಾಯಾಲಯದ ಮೇಜಿನ ಮೇಲಿದೆ. ಅದರ ಹೆಸರು ಉದ್ದ, ಹಾಗಾಗಿ ಯಾರೂ ಹೇಳುವುದಿಲ್ಲ. "ಸಿಂಗಿನಿ ಏನಂತಾನೆ ನೋಡ್ರಿ" ಎನ್ನುತ್ತಾರೆ. ಸಿಂಗಿನಿ ಹೇಳಿದನೆಂದರೆ ಅದೇ ವೇದವಾಕ್ಯ.

ಎಂಟನೆಯ ಪುಟದಲ್ಲಿ ಬರೆಯಬೇಕಾದದ್ದು ಇಷ್ಟೇ: ಗುರಿ ತಲುಪಿದೆವು. ಆ ಮಾತನ್ನು ಚೆಂದವಾಗಿ ಹೇಳುವುದು ಹೇಗೆಂದು ಅವರು ಪೆನ್ನು ಕಚ್ಚುತ್ತ ಕೂತಿದ್ದಾಗ ತಮಾಂಡ ಬಾಗಿಲು ತಟ್ಟಿದಳು.

ತಮಾಂಡ ವಿದ್ಯಾಲಯದ ಕಿರಿಯ ಅಧ್ಯಾಪಕಿ. ಬಡವರಿಗೆ ಪುಕ್ಕಟೆ ಅರ್ಜಿ ಬರೆದುಕೊಡುವ ನೆರವಿನ ಕೋಣೆಯನ್ನು ಅವಳೇ ನಡೆಸುತ್ತಿದ್ದಳು. ಅವಳ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದು, ಮಂಡಿಯೂರಿ, ಅಂಗೈಗಳನ್ನು ಮೆತ್ತಗೆ ತಟ್ಟಿ ವಂದಿಸಿದಳು. ಸೊಂಟಕ್ಕೆ ಸುತ್ತಿದ ಬಟ್ಟೆಯ ಅಂಚಿನಲ್ಲಿ ಇನ್ನೂ ಕೆಂಪು ಮಣ್ಣಿತ್ತು.

"ಐದು ನಿಮಿಷ ಸರ್," ಎಂದಳು ತಮಾಂಡ. "ಇವರು ಎನೆಲೆಸಿ ಅಂತ, ಚಿಬ್ವಾನ ಊರವರು. ಹೊಳೆದಂಡೆ ಮೇಲೆ ಒಂದು ತೋಟ ಇದೆ. ಅಜ್ಜಿದು, ಆಮೇಲೆ ತಾಯಿದು, ಈಗ ಇವರದು. ಇವರ ತಾಯಿಯ ಎರಡನೇ ಗಂಡ ಅಲ್ಲಿ ಪೊದೆ ಕಡಿದು ಬಾಳೆ ಹಾಕಿದ್ದ. ಅವನು ತೀರ್ಕೊಂಡು ಒಂಬತ್ತು ವರ್ಷ. ಈಗ ಅವನ ಮೊದಲನೇ ಹೆಂಡ್ತಿ ಮಕ್ಕಳು ಬಂದು ತೋಟ ನಮ್ಮಪ್ಪಂದು ಅಂತ ಕೇಸು ಹಾಕಿದಾರೆ. ಕೆಳಗಿನ ಕೋರ್ಟಲ್ಲಿ ಗೆದ್ದೂ ಆಯ್ತು."

"ಯಾವ ಆಧಾರದ ಮೇಲೆ?"

ತಮಾಂಡ ನೆಲ ನೋಡಿದಳು. "ನಿಮ್ಮ ಆಧಾರದ ಮೇಲೇ ಸರ್. ನಲವತ್ತೊಂದನೇ ಕಲಮು."

ಸಿಂಗಿನಿಯವರಿಗೆ ಪುಸ್ತಕ ತೆರೆಯಬೇಕಾಗಿರಲಿಲ್ಲ. "ಗಂಡಸು ಪೊದೆ ಕಡಿದು ಹಸನು ಮಾಡಿದ ನೆಲ ಅವನದು, ಅವನ ತರುವಾಯ ಅವನ ಗಂಡುಮಕ್ಕಳದು. ಚಿಬ್ವಾನ ಸೀಮೆ. ತೀರ್ಪು ಸರಿಯಾಗೇ ಇದೆಯಲ್ಲ."

"ಯಾರು ಹೇಳಿದ್ದು ಹಂಗಂತ?" ಎಂದಳು ಎನೆಲೆಸಿ.

"ನಿಮ್ಮೂರ ಹಿರಿಯರೇ ಅಮ್ಮ. ನಾನೇ ಬಂದು ಬರ್ಕೊಂಡಿದ್ದು. ಅತ್ತಿಮರದ ಕೆಳಗೆ ಐದು ಜನ ಕೂತಿದ್ರು."

"ಓ, ನೀವೇನಾ ಆ ಸೈಕಲ್ ಹುಡುಗ." ಎನೆಲೆಸಿಯ ಮುಖ ಅರಳಿತು. "ನಿಮಗೆ ಥೋಬ್ವಾ ಅಂಬಲಿ ತಂದ್ಕೊಟ್ಟೋಳು ನಾನೇ ಮೇಷ್ಟ್ರೇ. ನಂಗಾಗ ಹತ್ತು ವರ್ಷ. ಎರಡು ಸೋರೆಬುರುಡೆ ಕುಡುದ್ರಿ ನೀವು, ಮೂರನೇದು ಕೇಳಕ್ಕೆ ನಾಚ್ಕೊಂಡ್ರಿ." ಆಮೇಲೆ ಮುಖ ಮೊದಲಿನಂತಾಯಿತು. "ಆ ಐದು ಜನ ಹಿರಿಯರಲ್ಲ ಮೇಷ್ಟ್ರೇ. ಅವರು ನಮ್ಮ ಮನೆಯಳಿಯಂದ್ರು."

ಇದರ ಅರ್ಥ ತಿಳಿಯದವರು ಆ ಕೋಣೆಯಲ್ಲಿ ಇರಲಿಲ್ಲ. ಚಿಬ್ವಾನದ ಕಡೆ ಹೆಣ್ಣು ಹುಟ್ಟಿದ ಊರು ಬಿಡುವುದಿಲ್ಲ. ಗಂಡು ಹೆಂಡತಿಯ ಊರಿಗೆ ಹೋಗಿ ಗುಡಿಸಲು ಕಟ್ಟುತ್ತಾನೆ. ನೆಲ ತಾಯಿಯಿಂದ ಮಗಳಿಗೆ. ಆ ನೆಲದ ಬಗ್ಗೆ ಮಾತಾಡುವ ಹಕ್ಕು ಹೆಂಗಸರಿಗೆ, ಅವರ ಅಣ್ಣತಮ್ಮಂದಿರಿಗೆ. ಆ ಅಣ್ಣತಮ್ಮಂದಿರೋ ತಂತಮ್ಮ ಹೆಂಡಿರ ಊರುಗಳಲ್ಲಿ ಇರುತ್ತಾರೆ. ಊರ ಗಂಡುಮಕ್ಕಳೆಲ್ಲ ಪರವೂರಲ್ಲಿ, ಊರಲ್ಲಿ ಕೂತ ಗಂಡಸರೆಲ್ಲ ಪರವೂರವರು. ಸಿಂಗಿನಿ ಉತ್ತರದವರು. ಅಲ್ಲಿ ದನ ಕೊಟ್ಟು ಹೆಣ್ಣು ತರುತ್ತಾರೆ, ಗಂಡಸು ಹುಟ್ಟಿದಲ್ಲೇ ಸಾಯುತ್ತಾನೆ. ನರೆತ ಗಡ್ಡದವರು ಮರದಡಿ ಕೂತಿದ್ದಾರೆಂದರೆ ಊರು ಅವರದೇ ಎಂದು ಇಪ್ಪತ್ತೆರಡರ ಹುಡುಗ ತಿಳಿದಿದ್ದ. ನಿಮ್ಮದು ಯಾವ ಊರು ಎಂದು ಕೇಳುವುದು ಅವನಿಗೆ ಹೊಳೆದೇ ಇರಲಿಲ್ಲ.

ಹುಡುಗನಿಗೆ ಹೊಳೆಯಲಿಲ್ಲ ಸರಿ. ಪ್ರೊಫೆಸರಿಗೆ? ದೇಶದ ಆ ಭಾಗದ ಪದ್ಧತಿ ಆಮೇಲೆ ಅವರಿಗೆ ತಿಳಿಯದೆ ಉಳಿದಿರಲಿಲ್ಲ. ನಲವತ್ತೊಂದನೇ ಕಲಮು ಯಾಕೆ ಉಳಿದೆಲ್ಲದರ ಜೊತೆ ಹೊಂದುವುದಿಲ್ಲ ಎಂದು ಒಂದೆರಡು ಸಲ ವಿದ್ಯಾರ್ಥಿಗಳು ಕೇಳಿದ್ದರು. "ಚಿಬ್ವಾನದ ರೀತಿಯೇ ಬೇರೆ" ಎಂದು ಗದರಿ ಕೂರಿಸಿದ್ದರು.

ಈಗಲೂ ಅದೇ ಗದರುವ ದನಿ ಬಂತು. "ಐವತ್ತು ವರ್ಷ ಆದ್ಮೇಲೆ ಯಾರು ಏನು ಬೇಕಾದ್ರೂ ಹೇಳಬಹುದು ಅಮ್ಮ. ಸತ್ತವರು ಎದ್ದು ಬಂದು ಅಲ್ಲ ಅನ್ನಲ್ಲ."

ಎನೆಲೆಸಿ ಸಿಟ್ಟಾಗಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದಳು. "ಅವತ್ತು ಹಿಂದುಗಡೆ ಕೂತು ನಾವೆಲ್ಲ ನಕ್ವಲ್ಲ, ಕೇಳಿಸ್ಲಿಲ್ವ ನಿಮಗೆ?"

ಹೊರಡುವಾಗ ತಮಾಂಡ ಹೇಳಿದಳು: ಮೇಲಿನ ನ್ಯಾಯಾಲಯದ ವಿಚಾರಣೆ ಬರುವ ಗುರುವಾರ. ಹೊಸ ಸಾಕ್ಷಿ ಕರೆಯಲು ಅವಳು ವಿಶೇಷ ಅನುಮತಿ ಪಡೆದಿದ್ದಾಳೆ. ಪುಸ್ತಕದ ವಿರುದ್ಧ ಮಾತಾಡಿದರೆ ನಂಬುವಂಥ ಸಾಕ್ಷಿ ಈ ದೇಶದಲ್ಲಿ ಒಬ್ಬರೇ. ಗುರುವಾರ ಸೋತರೆ ಎನೆಲೆಸಿ ತೋಟ ಬಿಡಬೇಕು. ಅವಳಿಗೂ ಅವಳ ಮೂವರು ಹೆಣ್ಣುಮಕ್ಕಳಿಗೂ ಬೇಸಗೆಯಲ್ಲಿ ಅನ್ನ ಅಂದರೆ ಅದೊಂದೇ ತೋಟ.

ಅವರು ಹೋದ ಮೇಲೆ ಸಿಂಗಿನಿ ಗ್ರಂಥಾಲಯಕ್ಕೆ ಹೋಗಿ ಹಳೆಯ ತಗಡಿನ ಪೆಟ್ಟಿಗೆ ತೆಗೆಸಿದರು. ನೋಟುಪುಸ್ತಕಗಳು ಗೆದ್ದಲು ಹಿಡಿಯದೆ ಉಳಿದಿದ್ದವು. ಗೆದ್ದಲು ಹಿಡಿದಿದ್ದರೆ ಚೆನ್ನಾಗಿತ್ತು ಎಂದು ಅವರ ಮನಸ್ಸು ಒಂದು ಕ್ಷಣ ಅಂದುಕೊಂಡಿತು. ಹಾಗೆ ಅಂದುಕೊಂಡ ಮನಸ್ಸಿನ ಬಗ್ಗೆ ಅವರಿಗೆ ಹೇಸಿಗೆಯಾಯಿತು.

ಚಿಬ್ವಾನದ ಪುಟ ಸಿಕ್ಕಿತು. ಮೇಲೆ ಐದು ಹೆಸರು: ಕೆಫಾಸಿ, ಲೈಸೋನಿ, ಬಿಜ್ವೆಕಿ, ಜೆಮುಸಿ, ಮಲುವಾ. ಕೆಳಗೆ ನೆಲದ ಪ್ರಶ್ನೆ, ನೆಲದ ಉತ್ತರ. ಅಂಚಿನಲ್ಲಿ, ಕಂಡದ್ದನ್ನೆಲ್ಲ ಬರೆಯಬೇಕೆಂಬ ಕಲಿಂದೆಯವರ ಕಟ್ಟಪ್ಪಣೆಯಂತೆ, ಹುಡುಗ ಸಣ್ಣಗೆ ಬರೆದಿದ್ದ: ಹೆಂಗಸರು ನಕ್ಕರು. ಅದರ ಕೆಳಗೆ ಕೆಂಪು ಶಾಯಿ: ಯಾಕೆ ನಕ್ಕರು? ಮತ್ತೆ ಹೋಗಿ ಕೇಳು. ಅದರ ಕೆಳಗೆ ನೀಲಿ ಶಾಯಿ: ಕೇಳಿದೆ. ನಾಚಿಕೆಯಿಂದ ನಕ್ಕರಂತೆ.

ಸಿಂಗಿನಿ ಮತ್ತೆ ಹೋಗಿರಲಿಲ್ಲ. ಆ ಡಿಸೆಂಬರಿನ ಮಳೆಗಾಲದಲ್ಲಿ ಹೊಳೆಯ ಸೇತುವೆ ಕೊಚ್ಚಿಹೋಗಿತ್ತು, ಪರೀಕ್ಷೆ ಹತ್ತಿರವಿತ್ತು, ಒಂದು ನಗುವಿಗಾಗಿ ಅರವತ್ತು ಮೈಲಿ ಸೈಕಲ್ಲು ತುಳಿಯುವವರು ಯಾರು? ಹಾಸ್ಟೆಲಿನ ಮಂಚದ ಮೇಲೆ ಕೂತು ಆ ಎರಡು ಮಾತು ಬರೆದಿದ್ದರು. ಅದರ ಪಕ್ಕ ಕಲಿಂದೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಶಿಷ್ಯ ಹೇಳಿದ್ದನ್ನು ನಂಬಿದ್ದರು. ಸಿಂಗಿನಿಯವರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಸರಿ ಗುರುತು. ಮುದುಕರು ಗ್ರಂಥಾಲಯದ ನೆಲದ ಮೇಲೆ ಕೂತು ಅತ್ತರು.

ಮರುದಿನ ಪುಟವನ್ನು ಡೀನನ ಮುಂದಿಟ್ಟರು. ಲಿಕೋಂಗ್ವೆ ಓದಿ, ಬಾಗಿಲು ಹಾಕಿಬಂದ.

"ಶನಿವಾರ ಸಮಾರಂಭ ಸರ್. ಪುಸ್ತಕದ ನಾಲ್ಕನೇ ಮುದ್ರಣ ಬಿಡುಗಡೆ. ನೀವು ಗುರುವಾರ ಹೋಗಿ ಇದನ್ನ ಹೇಳಿದ್ರೆ..."

"ಹೇಳಿದ್ರೆ?"

"ಒಂದು ಕಲಮು ಬಿದ್ರೆ ಮಿಕ್ಕ ಮುನ್ನೂರಕ್ಕೂ ಕಲ್ಲು ಹೊಡೀತಾರೆ. ಮಿಕ್ಕವು ಸರಿ ಇವೆ. ಅವನ್ನ ನಂಬಿ ಎಷ್ಟು ವಿಧವೆಯರು ಮನೆ ಉಳಿಸ್ಕೊಂಡಿದಾರೆ, ನೀವೇ ಪಾಠದಲ್ಲಿ ಹೇಳ್ತಿದ್ರಿ. ಕೇಸು ಮುಂದೂಡಿಸೋಣ. ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತಿದ್ದೋಣ."

"ಅಷ್ಟರಲ್ಲಿ ತೋಟ?"

ಲಿಕೋಂಗ್ವೆ ಪುಟವನ್ನು ಅವರ ಕಡೆ ಸರಿಸಿದ. ಅವನು ಕೆಟ್ಟವನಲ್ಲ. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಅದಕ್ಕೇ ಸಿಂಗಿನಿಯವರಿಗೆ ಭಯವಾಯಿತು. ಐವತ್ತು ವರ್ಷ ಅವರು ಬೇರೇನೂ ಆಗಿರಲಿಲ್ಲ, ಆ ಪುಸ್ತಕ ಆಗಿದ್ದರು. ನೀರಿನಲ್ಲಿ ಹೋಮ ಮಾಡಿದಂತಾಯಿತೇ ಎಲ್ಲ? ಬುಧವಾರ ಇಡೀ ದಿನ ತಮಾಂಡಳ ಫೋನು ಎತ್ತಲಿಲ್ಲ.

ಗುರುವಾರ ಬೆಳಗ್ಗೆ ಅವಳು ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತಿದ್ದಾಗ, ಕಂಕುಳಲ್ಲಿ ನೋಟುಪುಸ್ತಕ ಇಟ್ಟುಕೊಂಡು ಅವರು ಮಿನಿಬಸ್ಸಿನಿಂದ ಇಳಿದರು. "ಉಪ್ಪು ತಿಂದೋನು ನೀರು ಕುಡೀಲೇಬೇಕಲ್ಲಮ್ಮ," ಎಂದರು.

ಪೀಠದಲ್ಲಿ ನ್ಯಾಯಮೂರ್ತಿ ಚಿಸಾಲೆ. ವಿಗ್ಗಿನ ಕೆಳಗೆ ಅವರ ತಲೆ ಪೂರ್ತಿ ಬೋಳಾಗಿತ್ತು, ಆದರೆ ಆ ತಲೆಯೊಳಗೆ ಪುಸ್ತಕದ ಮುನ್ನೂರು ಕಲಮುಗಳನ್ನೂ ತುಂಬಿದವರು ಸಿಂಗಿನಿಯೇ. ಎದುರು ಪಕ್ಷದ ವಕೀಲ ಮತೆಂಜೆ, ಅವನೂ ಅವರ ಶಿಷ್ಯ. ಹಿಂದಿನ ಬೆಂಚುಗಳಲ್ಲಿ ಚಿಬ್ವಾನದ ಹೆಂಗಸರು ಹತ್ತು ಹನ್ನೆರಡು ಮಂದಿ ಒತ್ತಿಕೊಂಡು ಕೂತಿದ್ದರು. ಇನ್ನೊಂದು ಕಡೆ ಸತ್ತವನ ಇಬ್ಬರು ಗಂಡುಮಕ್ಕಳು, ಚೊಕ್ಕ ಇಸ್ತ್ರಿ ಅಂಗಿಯಲ್ಲಿ.

ಸಿಂಗಿನಿ ಬೈಬಲ್ಲು ಮುಟ್ಟಿ ಎಲ್ಲವನ್ನೂ ಹೇಳಿದರು. ಅತ್ತಿಮರ, ಐದು ಜನ, ನಗು, ಕೆಂಪು ಶಾಯಿ. "ಕೇಳಿದೆ ಅಂತ ಬರೆದೆ. ಕೇಳಿರಲಿಲ್ಲ," ಎಂದರು. ನ್ಯಾಯಮೂರ್ತಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ದುಃಖ ಹೆಚ್ಚಿತ್ತು.

ಮತೆಂಜೆ ಎದ್ದ. ಗುರುಗಳಿಗೆ ತಲೆಬಾಗಿ, ಆಮೇಲೆ ಚರ್ಮ ಸುಲಿಯತೊಡಗಿದ. "ಆಗ ಸುಳ್ಳು ಬರೆದಿರಿ, ಈಗ ನಿಜ ಹೇಳ್ತಿದೀರಿ ಅಂತೀರಿ. ಎರಡರಲ್ಲಿ ಯಾವ ಸಿಂಗಿನಿಯನ್ನ ನಾವು ನಂಬಬೇಕು ಸರ್?"

"ನಂಗೆ ಗೊತ್ತಿಲ್ಲ."

"ಆ ಐದು ಜನ ಅಳಿಯಂದಿರು ಅಂತ ನಿಮಗೆ ಹೇಗೆ ಗೊತ್ತು?"

"ಎನೆಲೆಸಿ ಹೇಳಿದ್ರು."

"ಅಂದ್ರೆ ಯಾರಿಗೆ ತೋಟ ಬೇಕೋ ಅವರೇ ಹೇಳಿದ್ರು." ಮತೆಂಜೆ ಪೀಠದ ಕಡೆ ತಿರುಗಿದ. "ಸ್ವಾಮಿ, ಆ ಐವರು ಈಗಿಲ್ಲ. ತಮ್ಮ ಪರವಾಗಿ ಮಾತಾಡಕ್ಕೆ ಅವರಿಗೆ ಬಾಯಿಲ್ಲ. ನಲವತ್ತು ವರ್ಷ ಚಿಬ್ವಾನದಲ್ಲಿ ಬೆವರು ಸುರಿಸಿದವರು ಅವರು. ಅಲ್ಲೇ ಬಾಳಿದರು, ಅಲ್ಲೇ ಸತ್ತರು, ಇವತ್ತು ಅದೇ ಮಣ್ಣಲ್ಲಿ ಮಲಗಿದ್ದಾರೆ."

ಹಿಂದಿನ ಬೆಂಚಿನಲ್ಲಿ ಹೆಂಗಸರು ನಕ್ಕರು.

ಜೋರು ನಗುವಲ್ಲ. ಅಂಗೈ ಮರೆಯಲ್ಲಿ ಅದುಮಿಟ್ಟರೂ ಉಕ್ಕಿದ ನಗು. ಸಿಂಗಿನಿ ಆ ಬೆಂಚಿನ ಕಡೆ ತಿರುಗಿದರು. ಐವತ್ತು ವರ್ಷವಾದರೂ ಆ ನಗು ಅದೇ ಆಗಿತ್ತು. ಜವಾನ "ಸದ್ದು!" ಎಂದು ಎದ್ದ. ನ್ಯಾಯಮೂರ್ತಿ ಕೈಯೆತ್ತಿ ಅವನನ್ನು ತಡೆದು, ಮುಂದಿದ್ದ ನೋಟುಪುಸ್ತಕದ ಕೆಂಪು ಶಾಯಿಯನ್ನು ಒಮ್ಮೆ ನೋಡಿದರು. ಕನ್ನಡಕ ತೆಗೆದಿಟ್ಟರು.

"ಯಾಕೆ ನಕ್ಕಿದ್ದು ಅಮ್ಮ? ಹೇಳಿ. ಬರ್ಕೋತೀನಿ."

ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಎನೆಲೆಸಿ ಎದ್ದು ನಿಂತಳು.

"ತಪ್ಪು ತಿಳ್ಕೋಬೇಡಿ ಬುದ್ಧಿ. ಲಾಯರಪ್ಪ ಚೆನ್ನಾಗಿ ಓದವ್ರೆ, ಆದ್ರೆ ನಮ್ಮೂರ ಸ್ಮಶಾನ ನೋಡಿಲ್ಲ. ಅಳಿಯನ್ನ ನಾವು ಹೂಳಲ್ಲ. ಅವನು ಸತ್ತ ದಿನವೇ ಅವನ ತಾಯಿಕಡೆಯೋರಿಗೆ ಹೇಳಿಕಳಿಸ್ತೀವಿ, ಬಂದು ಹೊತ್ಕೊಂಡು ಹೋಗ್ತಾರೆ, ಅವನ ಅವ್ವನ ಊರಲ್ಲಿ ಮಣ್ಣು ಮಾಡ್ತಾರೆ. ಕೆಫಾಸಿ ಹೋದ, ಲೈಸೋನಿ ಹೋದ, ಐದು ಜನಾನೂ ಹೋದ್ರು. ಒಬ್ಬನ ಗೋರಿ ನಮ್ಮೂರಲ್ಲಿದ್ರೆ ತೋರಿಸ್ಲಿ, ತೋಟ ಈಗಲೇ ಬಿಡ್ತೀನಿ." ಅವಳು ಉಸಿರು ತೆಗೆದುಕೊಂಡಳು. "ಹೂಳಕ್ಕೇ ಆರಡಿ ಇಲ್ಲದೋನು ಮಕ್ಕಳಿಗೆ ತೋಟ ಎಲ್ಲಿಂದ ಬಿಟ್ಟೋಗ್ತಾನೆ ಬುದ್ಧಿ?"

ನ್ಯಾಯಮೂರ್ತಿ ಆ ಇಬ್ಬರು ಮಕ್ಕಳ ಕಡೆ ತಿರುಗಿದರು. "ನಿಮ್ಮ ತಂದೆಯವರ ಗೋರಿ ಎಲ್ಲಿದೆ?"

ಹಿರಿಯವನು ಎದ್ದು ನಿಂತ. "ಅವರ ಅವ್ವನ ಊರಲ್ಲಿ ಸ್ವಾಮಿ," ಎಂದ. "ಚಿಬ್ವಾನದಿಂದ ಹೊತ್ಕೊಂಡು ಹೋದ್ವಿ. ನಾವೂ ಹೆಗಲು ಕೊಟ್ಟಿದ್ವಿ."

ಮತೆಂಜೆ ಕೂತುಕೊಂಡ. ಬರೆದು ಮುಗಿಸಿ ನ್ಯಾಯಮೂರ್ತಿ ಕೇಳಿದರು, "ಇವರು ಅವತ್ತು ಬಂದಾಗಲೂ ಇದಕ್ಕೇ ನಕ್ಕಿದ್ದಾ?"

"ಇದಕ್ಕೇ ಬುದ್ಧಿ. ಹೆಂಡ್ತಿ ನೆಲದ ಮೇಲೆ ಕೂತು ನೆಲ ನಂದು ಅಂತಿದ್ರಲ್ಲ, ನಗು ಬರ್ದೆ ಇರತ್ತಾ?"

"ತಪ್ಪು ಅಂತ ಯಾಕೆ ಹೇಳ್ಲಿಲ್ಲ?"

"ಅತಿಥಿ ದಣಿದು ಬಂದಿರೋವಾಗ ಅಲ್ಲ ಅನ್ನಕ್ಕಾಗತ್ತಾ? ಮೊದಲ ದಿನ ಬಂದೋರ ಜೊತೆ ಅಳಿಯಂದ್ರು ಕೂತು ಹರಟೆ ಹೊಡೀತಾರೆ. ಮಾತು ಅಂತ ಆಗೋದು ಮಾರನೇ ದಿನ. ನಮ್ಮವ್ವ ಅಂದ್ಲು, ಪಾಪ ಹುಡುಗ, ಮಲಗಿ ಏಳ್ಲಿ, ನಾಳೆ ನಮ್ಮನ್ನ ಕೇಳ್ತಾನೆ ಅಂತ. ಬೆಳಗ್ಗೆ ಮುಖ ತೊಳ್ಕೊಂಡು, ಒಳ್ಳೇ ಬಟ್ಟೆ ಸುತ್ಕೊಂಡು ಮರದ ಹತ್ರ ಬಂದು ಕೂತ್ಕಂಡ್ಲು." ಎನೆಲೆಸಿ ಸಾಕ್ಷಿಕಟ್ಟೆಯ ಕಡೆ ನೋಡಿದಳು. "ಸೈಕಲ್ಲು ಇರ್ಲಿಲ್ಲ."

ಸಿಂಗಿನಿ ಕಟ್ಟೆಯ ಕಂಬಿ ಹಿಡಿದುಕೊಂಡು ನಿಂತೇ ಇದ್ದರು. ಇಳಿಯಬಹುದು ಎಂದು ಎರಡು ಸಲ ಹೇಳಬೇಕಾಯಿತು.

ನಲವತ್ತೊಂದನೇ ಕಲಮು ನಿಲ್ಲುವುದಿಲ್ಲ, ತೋಟ ಎನೆಲೆಸಿಯದೇ ಎಂದು ನ್ಯಾಯಮೂರ್ತಿ ಅವತ್ತೇ ಸಂಜೆಯೊಳಗೆ ತೀರ್ಪು ಹೇಳಿದರು. ಮಿಕ್ಕ ಕಲಮುಗಳ ಮೂಲ ಪುಟಗಳನ್ನು ಪುನಃ ನೋಡಬೇಕು, ಕೆಂಪು ಶಾಯಿ ಬಿದ್ದಲ್ಲೆಲ್ಲ ಪುನಃ ಹೋಗಿ ಕೇಳಬೇಕು ಎಂದೂ ಸೇರಿಸಿದರು.

ಹೊರಗೆ ಹೆಂಗಸರು ಬಾಡಿಗೆ ಗಾಡಿ ಹತ್ತುತ್ತಿದ್ದರು. ಸಿಂಗಿನಿ ಎನೆಲೆಸಿಯ ಹತ್ತಿರ ಹೋಗಿ ಮಂಡಿಯೂರಲು ನೋಡಿದರು. ಮಂಡಿ ಬಗ್ಗಲಿಲ್ಲ. ಅವಳೇ ಅವರ ತೋಳು ಹಿಡಿದಳು.

"ನಿಮ್ಮ ತಾಯಿಯವರನ್ನ ಕೇಳಬೇಕಿತ್ತು," ಎಂದರು. "ಇನ್ನು ಕೇಳೋ ಹಾಗಿಲ್ಲ."

"ಅವ್ವ ನಮ್ಮೂರಲ್ಲೇ ಮಲಗವ್ಳೆ ಮೇಷ್ಟ್ರೇ. ಬನ್ನಿ, ತೋರಿಸ್ತೀನಿ. ಆದ್ರೆ ಎರಡು ದಿನ ಇರೋ ಹಂಗೆ ಬನ್ನಿ."

ಶುಕ್ರವಾರ ಬೆಳಗ್ಗೆ ಅವರು ಎಂಟನೆಯ ಪುಟವನ್ನು ಲಿಕೋಂಗ್ವೆಯ ಮೇಜಿನ ಮೇಲಿಟ್ಟರು. ಅದರಲ್ಲಿ ನೋಟುಪುಸ್ತಕದ ಆ ಅಂಚು ಇದ್ದಂತೆಯೇ ಇತ್ತು, ಕೆಂಪು ಸಾಲು, ನೀಲಿ ಸಾಲು, ಸರಿ ಗುರುತು. ಕೆಳಗೆ ಒಂದೇ ವಾಕ್ಯ: ಈ ವಿದ್ಯಾಲಯದ ಗುರಿ ಗೋಡೆಯ ಮೇಲಿದೆ, ನಾನು ಅದಕ್ಕಿಂತ ಅರವತ್ತು ಮೈಲಿ ಹಿಂದೆಯೇ ನಿಂತುಬಿಟ್ಟೆ. ಲಿಕೋಂಗ್ವೆ ಎರಡು ಸಲ ಓದಿ, ಮುದ್ರಣಕ್ಕೆ ಹೋಗುವ ಕಟ್ಟಿನಲ್ಲಿ ಸೇರಿಸಿದ.

ಶನಿವಾರ ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ ಇತ್ತು. ಆ ಹೊತ್ತಿಗೆ ಸಿಂಗಿನಿ ಚಿಬ್ವಾನದ ಅತ್ತಿಮರದ ಕೆಳಗೆ ಈಗಿನ ಅಳಿಯಂದಿರ ಜೊತೆ ಕೂತು ಥೋಬ್ವಾ ಕುಡಿಯುತ್ತ, ಅವರ ಹರಟೆ ಕೇಳುತ್ತಿದ್ದರು. ನೋಟುಪುಸ್ತಕ ಚೀಲದಲ್ಲೇ ಇತ್ತು. ಅದನ್ನು ತೆಗೆಯುವುದು ನಾಳೆ.